ಹಳೆಯ ಲ್ಯಾಪ್‌ಟಾಪಿನ ವೈಫೈ ಕಾರ್ಡಿಗೆ ಹಾಕಿದ ಬೀಗ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಮನೆಯಲ್ಲಿ 2012ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದಿದೆ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು ನಿವೃತ್ತನಾಗುವವರೆಗೂ ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆಗಳನ್ನು ಅದರಲ್ಲೇ ಸಿದ್ಧಪಡಿಸುತ್ತಿದ್ದೆ. ಈಗ ದ್ವಿತೀಯ ಪಿಯು ಓದುತ್ತಿರುವ ಮೊಮ್ಮಗಳು ಅದನ್ನು ಬಳಸುತ್ತಾಳೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದ್ದಾಯಿತು, ರ್‍ಯಾಮ್ ಹೆಚ್ಚಿಸಿದ್ದಾಯಿತು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಕೊನೆಗೊಂಡ ಮೇಲೆ ಅದರ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡದ್ದೂ ಆಯಿತು. ಹೀಗೆ ಗಟ್ಟಿಮುಟ್ಟಾಗಿ ನಡೆಯುತ್ತಿದ್ದ ಯಂತ್ರದಲ್ಲಿ ಕೆಲವು ತಿಂಗಳ ಹಿಂದೆ ವೈಫೈ ಹತ್ತು ಹತ್ತು ನಿಮಿಷಕ್ಕೆ ಕಡಿದುಹೋಗತೊಡಗಿತು. ಒಂದು ಬೆಳಿಗ್ಗೆ, ವೈಫೈ ಸಂಕೇತ ಹಿಡಿಯುವ ಒಳಗಿನ ಬಿಡಿಭಾಗವಾದ ವೈಫೈ ಕಾರ್ಡು ಯಂತ್ರದ ಪಟ್ಟಿಯಿಂದಲೇ ಮಾಯವಾಯಿತು. ಆ ಕಾರ್ಡನ್ನು ಬದಲಿಸಲು ನಾನು ಪಟ್ಟ ಪಾಡು ನನ್ನೊಬ್ಬನದಾಗಿದ್ದರೆ ಪತ್ರಿಕೆಗೆ ಬರೆಯುತ್ತಿರಲಿಲ್ಲ. ಸಾವಿರಾರು ಮನೆಗಳಲ್ಲಿ ಇಂಥದೇ ಕಾರಣಕ್ಕೆ ಒಳ್ಳೆಯ ಯಂತ್ರಗಳು ಗುಜರಿಗೆ ಹೋಗುತ್ತಿವೆ ಎಂಬ ಕಳವಳದಿಂದ ಬರೆಯುತ್ತಿದ್ದೇನೆ.

ಊರಿನ ರಿಪೇರಿ ಅಂಗಡಿಯವರು ಯಂತ್ರವನ್ನು ತಿರುಗಿಸಿ ನೋಡಿ, "ಸರ್, ಇದು ಹಳೇ ಮಾಡೆಲ್ಲು, ಬೇರೆ ತಗೊಂಡುಬಿಡಿ" ಎಂದರು. ಅವರನ್ನು ದೂರುವುದಿಲ್ಲ, ಅರ್ಧ ದಿನ ಹಿಡಿಯಬಹುದಾದ ಕೆಲಸಕ್ಕೆ ಇನ್ನೂರು ರೂಪಾಯಿಗಿಂತ ಹೆಚ್ಚು ಕೇಳಿದರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಆದರೆ ವೈಫೈ ಕಾರ್ಡು ಎನ್ನುವುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ, ಸ್ಲಾಟಿನಲ್ಲಿ ಓರೆಯಾಗಿ ತೂರಿಸಿ ಒಂದೋ ಎರಡೋ ಸ್ಕ್ರೂ ಬಿಗಿದರೆ ಕೂರುವ ಬಿಡಿಭಾಗ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವುದು ಅರ್ಧ ಅಳತೆಯ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು: ಸುಮಾರು 30 ಮಿಲಿಮೀಟರ್ ಅಗಲ, 27 ಮಿಲಿಮೀಟರ್ ಉದ್ದ, ಅಂಚಿನಲ್ಲಿ 52 ಪಿನ್ನುಗಳು. ಈಗಿನವುಗಳಲ್ಲಿರುವುದು ಎಂ.2 ಎಂಬ ಬೇರೆ ಜಾತಿಯದು, 22 ಮಿಲಿಮೀಟರ್ ಅಗಲದ್ದು. ಇವೆರಡರ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲಿ ಇಂಟೆಲ್ 7260 ಎಂಬ ಕಾರ್ಡು ಕೊಂಡು ತಂದೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಕೆಲಸ ಮಾಡುವ, ಸೆಕೆಂಡಿಗೆ 867 ಮೆಗಾಬಿಟ್ ವೇಗದವರೆಗೆ ಹೋಗಬಲ್ಲ ಕಾರ್ಡು ಅದು. ಅಳತೆಯೂ ನನ್ನ ಯಂತ್ರದ ಸ್ಲಾಟಿಗೆ ಸರಿಯಾಗಿತ್ತು.

ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಇಳಿಸಿ, ಕಾರ್ಡು ಕೂರಿಸಿ ಯಂತ್ರ ಹಚ್ಚಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಇಂಗ್ಲಿಷ್ ಸಾಲೊಂದು ಮೂಡಿತು. ಅನುಮತಿಯಿಲ್ಲದ ನೆಟ್‌ವರ್ಕ್ ಕಾರ್ಡು ಹಾಕಲಾಗಿದೆ, ಯಂತ್ರ ಆರಿಸಿ ಅದನ್ನು ತೆಗೆಯಿರಿ ಎಂಬುದು ಅದರ ಸಾರಾಂಶ. ಯಂತ್ರ ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಕಾರ್ಡೇ ಕೆಟ್ಟಿರಬಹುದೆಂದು ಸ್ನೇಹಿತರೊಬ್ಬರ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದರೆ ಕ್ಷಣದಲ್ಲಿ ಇಂಟರ್ನೆಟ್ಟಿಗೆ ಸೇರಿಕೊಂಡಿತು. ನಮ್ಮ ಸ್ಲಾಟ್ ಕೆಟ್ಟಿರಬಹುದೆಂದು ಅದನ್ನು ಖಾಲಿ ಬಿಟ್ಟು ಹಚ್ಚಿದರೆ ಯಂತ್ರ ಎಂದಿನಂತೆ ಎದ್ದಿತು. ಯಂತ್ರ ಹಚ್ಚಿದೊಡನೆ ಮೊದಲು ಓಡುವ ಮೂಲ ತಂತ್ರಾಂಶವಾದ ಬಯೋಸ್‌ನಲ್ಲೇ, ಒಪ್ಪಿಗೆಯಿರುವ ಕಾರ್ಡುಗಳ ಒಂದು ಪಟ್ಟಿ ಅಡಗಿದೆ ಎಂಬುದು ಎರಡು ದಿನ ಹುಡುಕಿದ ಮೇಲೆ ತಿಳಿಯಿತು. ಪ್ರತಿಯೊಂದು ಕಾರ್ಡಿನಲ್ಲೂ ಅದನ್ನು ಮಾಡಿದವರು ಯಾರು, ಮಾದರಿ ಯಾವುದು, ಯಾವ ಲ್ಯಾಪ್‌ಟಾಪ್ ಕಂಪನಿಗಾಗಿ ಮಾಡಿದ್ದು ಎಂದು ಹೇಳುವ ಗುರುತಿನ ಸಂಖ್ಯೆಗಳಿರುತ್ತವೆ. ಯಂತ್ರ ಏಳುವ ಮೊದಲ ಕ್ಷಣಗಳಲ್ಲೇ ಬಯೋಸ್ ಆ ಸಂಖ್ಯೆಗಳನ್ನು ಓದಿ ತನ್ನ ಪಟ್ಟಿಯೊಂದಿಗೆ ಹೋಲಿಸುತ್ತದೆ; ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಅಲ್ಲೇ ನಿಂತುಬಿಡುತ್ತದೆ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಅವುಗಳ ಸರದಿ ಬರುವ ಮೊದಲೇ ಬಾಗಿಲು ಮುಚ್ಚಿರುತ್ತದೆ. ಅದೇ ಚಿಪ್ಪಿನ ಕಾರ್ಡು ಬೇರೊಂದು ಕಂಪನಿಯ ಗುರುತು ಹೊತ್ತಿದ್ದರೆ ಕೆಲವು ಯಂತ್ರಗಳು ಅದನ್ನೂ ಒಪ್ಪುವುದಿಲ್ಲ. ಇಂಥ ನಿರ್ಬಂಧವನ್ನು ಬಯೋಸ್‌ನಲ್ಲಿ ಇಟ್ಟದ್ದು ಒಂದೇ ಕಂಪನಿಯಲ್ಲ. ಹೆಸರಾಂತ ಕಂಪನಿಗಳ ಹಲವು ಮಾದರಿಗಳಲ್ಲಿ ವರ್ಷಗಟ್ಟಲೆ ಇದು ನಡೆದುಬಂದಿದೆ.

ಕಂಪನಿಗಳ ಕಡೆಯ ಸಮರ್ಥನೆಯನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಸಂವಹನ ಆಯೋಗದಂಥ ನಿಯಂತ್ರಕ ಸಂಸ್ಥೆಗಳು ರೇಡಿಯೊ (ಕಾರ್ಡಿನಲ್ಲಿ ಸಂಕೇತ ಕಳಿಸಿ ಪಡೆಯುವ ಭಾಗ) ಮತ್ತು ಆಂಟೆನಾಗಳನ್ನು ಒಟ್ಟಿಗೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತವೆ, ಪರೀಕ್ಷೆಗೊಳಪಡದ ಜೋಡಿಯನ್ನು ಬಳಸಲು ಬಿಡಬಾರದೆಂದು ಈ ತಡೆ ಎಂಬುದು ಅವರ ವಾದ. ಭೌತಶಾಸ್ತ್ರ ಕಲಿಸಿದವನಾಗಿ ಅದರ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದೇ ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಯಾವ ವೈಫೈ ಡಾಂಗಲ್ ಚುಚ್ಚಿದರೂ ಬಯೋಸ್ ತಕರಾರು ಮಾಡುವುದಿಲ್ಲ, ಡಾಂಗಲ್ ಕೂಡ ರೇಡಿಯೊವೇ. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ವೈಫೈಗೆ 2.4 ಗಿಗಾಹರ್ಟ್ಸ್ ಆವರ್ತನಗಳನ್ನು 2005ರಲ್ಲೂ 5 ಗಿಗಾಹರ್ಟ್ಸ್ ಆವರ್ತನಗಳನ್ನು 2018ರಲ್ಲೂ ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ. ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಅಂಗವಾದ ಡಬ್ಲ್ಯುಪಿಸಿಯ ಮಾದರಿ ಅನುಮೋದನೆ ಇರಬೇಕೆಂಬ ನಿಯಮ ಬೇರೆಯೇ ಇದೆ. ಆ ಅನುಮೋದನೆ ಪಡೆದ ಕಾರ್ಡನ್ನೂ ಯಂತ್ರ ತಿರಸ್ಕರಿಸಿದರೆ, ಅಲ್ಲಿ ಪಾಲನೆಯಾಗುತ್ತಿರುವುದು ಕಂಪನಿಯ ಪಟ್ಟಿಯೇ ಹೊರತು ದೇಶದ ನಿಯಮವಲ್ಲ. ಇತ್ತೀಚಿನ ಹಲವು ಮಾದರಿಗಳಲ್ಲಿ ಈ ಪಟ್ಟಿಯನ್ನು ಕೈಬಿಟ್ಟಿದ್ದಾರೆ. ಅದರಿಂದ ಯಾವ ಅನಾಹುತವೂ ಆದಂತೆ ಕಾಣೆ.

ಕೊನೆಗೆ, ನನ್ನ ಯಂತ್ರದ ಕಂಪನಿಯದೇ ಬಿಡಿಭಾಗ ಸಂಖ್ಯೆಯಿರುವ ಇಂಟೆಲ್ 6205 ಕಾರ್ಡೊಂದು ಬಿಚ್ಚಿದ ಹಳೆಯ ಲ್ಯಾಪ್‌ಟಾಪಿನಿಂದ ಸಿಕ್ಕಿತು. ಅದರ ಗರಿಷ್ಠ ವೇಗ 300 ಮೆಗಾಬಿಟ್. ಸ್ಲಾಟಿಗೆ ಸರಿಯಾಗಿ ಕೂರುವ 867 ಮೆಗಾಬಿಟ್ಟಿನ ಕಾರ್ಡನ್ನು ಬದಿಗಿಟ್ಟು, ಒಂದು ಪಟ್ಟಿಯ ಸಲುವಾಗಿ ನಿಧಾನದ ಕಾರ್ಡಿಗೆ ಒಗ್ಗಿಕೊಳ್ಳಬೇಕಾಯಿತು ಎಂಬ ನೋವು ನನಗಿದೆ. ಯಂತ್ರವೇನೋ ಎದ್ದಿತು, ಕಾರ್ಡನ್ನೂ ಗುರುತಿಸಿತು. ಆದರೆ ಲ್ಯಾಪ್‌ಟಾಪನ್ನು ರೌಟರಿನ ಮಗ್ಗುಲಲ್ಲಿ ಇಟ್ಟರೆ ಮಾತ್ರ ಸಂಪರ್ಕ. ನಡುಮನೆ ದಾಟಿ ಅಡುಗೆಮನೆಗೆ ಒಯ್ದರೆ ಏನೂ ಇಲ್ಲ. ಇಲ್ಲಿ ತಪ್ಪು ನನ್ನದೇ ಆಗಿತ್ತು, ಬಹಳ ಜನ ಮಾಡುವ ತಪ್ಪು ಕೂಡ. ಕಾರ್ಡಿನ ಮೇಲೆ ಎರಡು ಸಣ್ಣ ಚಿನ್ನದ ಬಣ್ಣದ ಗುಬಟುಗಳಿವೆ. ಪರದೆಯ ಸುತ್ತ ಅಡಗಿರುವ ಆಂಟೆನಾಗಳಿಂದ ಕೀಲಿನ ಮೂಲಕ ಇಳಿದುಬರುವ ಎರಡು ತೆಳು ತಂತಿಗಳನ್ನು ಅವುಗಳ ಮೇಲೆ ಒತ್ತಿ ಕೂರಿಸಬೇಕು. ನೇರ ಮೇಲಿನಿಂದ ಬೆರಳುಗುರಿನಿಂದ ಒತ್ತಿದಾಗ "ಟಕ್" ಎಂಬ ಸಣ್ಣ ಸದ್ದು ಕೇಳಿಸದಿದ್ದರೆ ಅದು ಕೂತಿಲ್ಲವೆಂದೇ ಅರ್ಥ. ಓರೆಯಾಗಿ ಒತ್ತಿದರೆ ಅಂಚು ಸೊಟ್ಟಗಾಗುತ್ತದೆ. ಈ ಜೋಡಣೆ ಸುಮಾರು ಮೂವತ್ತು ಬಾರಿ ತೆಗೆದು ಹಾಕುವುದಕ್ಕಷ್ಟೇ ತಾಳುವಂತೆ ಮಾಡಿದ್ದು, ಆದ್ದರಿಂದ ಪರೀಕ್ಷೆಗೆಂದು ಮತ್ತೆ ಮತ್ತೆ ಕೀಳಬಾರದು. ಬಿಚ್ಚುವ ಮೊದಲು ಯಾವ ಬಣ್ಣದ ತಂತಿ ಯಾವ ಕಡೆ ಇತ್ತೆಂದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಮುಂದಿನ ತಲೆನೋವು ತಪ್ಪುತ್ತದೆ. ಮಿನಿ ಕಾರ್ಡಿನ ತಂತಿಯ ತುದಿ ಎಂ.2 ಕಾರ್ಡಿನದಕ್ಕಿಂತ ದೊಡ್ಡದು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬಲವಂತ ಮಾಡಿದರೆ ಕಾರ್ಡು ಹಾಳಾಗುವುದೊಂದೇ ಫಲ.

ನಮ್ಮ ವಿಷಯ ತಿಳಿದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಲ್ಯಾಪ್‌ಟಾಪನ್ನೂ ತಂದ. ಅದರಲ್ಲಿ ಪಟ್ಟಿಯ ತಡೆ ಇರಲಿಲ್ಲ, ಹೊಸ ಕಾರ್ಡು ಕಾಣಿಸುತ್ತಿತ್ತು, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಸರಿಯಿತ್ತು. ಆದರೂ ರೇಡಿಯೊ ಆರಿದೆ, ತಂತ್ರಾಂಶದಿಂದ ಅದನ್ನು ಹಚ್ಚಲಾಗದು ಎಂಬ ಸಂದೇಶ ಬರುತ್ತಿತ್ತು. ಬದಿಯಲ್ಲಿದ್ದ ಸಣ್ಣ ಸ್ವಿಚ್ಚನ್ನು ಎತ್ತ ಸರಿಸಿದರೂ ಅದೇ ಉತ್ತರ. ಮಿನಿ ಕಾರ್ಡಿನ 20ನೆಯ ಪಿನ್ನು ರೇಡಿಯೊವನ್ನು ಆರಿಸುವ ಸಂಕೇತಕ್ಕೆ ಮೀಸಲು. ಅವನ ಯಂತ್ರದಲ್ಲಿ ಸ್ವಿಚ್ಚಿನ ಒಳಭಾಗ ಸವೆದು ಆ ಸಂಕೇತ ಸದಾ ಆರಿದ ಸ್ಥಿತಿಯಲ್ಲೇ ನಿಂತಿತ್ತು. ಶಾಖ ತಡೆಯುವ ಹಳದಿ ಟೇಪಿನ ಸಾಸಿವೆಯಷ್ಟು ತುಣುಕನ್ನು ಆ ಒಂದು ಪಿನ್ನಿನ ಮೇಲೆ ಅಂಟಿಸಿದೊಡನೆ ವೈಫೈ ಬಂದಿತು. ಸಮಸಂಖ್ಯೆಯ ಪಿನ್ನುಗಳು ಕಾರ್ಡಿನ ಹಿಂಬದಿಯಲ್ಲಿರುತ್ತವೆ. ಅಂಚಿನ ಸೀಳನ್ನು ದಾಟಿ ಉದ್ದದ ಭಾಗದಲ್ಲಿ ಎರಡನೆಯದೇ 20ನೆಯದು. ಪಕ್ಕದ 22ನೆಯದು ಮುಚ್ಚಿಹೋದರೆ ಕಾರ್ಡು ಏಳುವುದೇ ಇಲ್ಲವಾದ್ದರಿಂದ, ಕಣ್ಣು ಮಂಜಾದ ನನ್ನಂಥವರು ಭೂತಗನ್ನಡಿ ಹಿಡಿದು ಈ ಕೆಲಸ ಮಾಡಬೇಕು.

ಇನ್ನು ಕೆಲವು ಸಂಗತಿಗಳನ್ನು ಚುಟುಕಾಗಿ ಹೇಳುತ್ತೇನೆ. ಇಂಟೆಲ್ಲಿನ ಎಎಕ್ಸ್201 ಎಂಬ ಕಾರ್ಡು ಅಗ್ಗಕ್ಕೆ ಸಿಗುತ್ತದೆಂದು ಅಡಾಪ್ಟರಿನ ಮೇಲೆ ಕೂರಿಸಿ ಹಳೆಯ ಯಂತ್ರಕ್ಕೆ ಹಾಕುವವರಿದ್ದಾರೆ. ಅದರ ಕೆಲಸದ ಒಂದು ಭಾಗ ಲ್ಯಾಪ್‌ಟಾಪಿನ ಒಳಗಿನ ಹೊಸ ಇಂಟೆಲ್ ಚಿಪ್‌ಸೆಟ್ಟಿನ ಒಳಗೇ ನಡೆಯುವುದರಿಂದ ಹಳೆಯದರಲ್ಲಿ ಅದು ಎಂದಿಗೂ ನಡೆಯದು. ಎಎಕ್ಸ್200, ಎಎಕ್ಸ್210 ಹಾಗಲ್ಲ, ಆದರೆ ಎಎಕ್ಸ್210ಕ್ಕೆ ವಿಂಡೋಸ್ 7ರ ಡ್ರೈವರ್ ಇಲ್ಲ. ವೈಫೈ ಬಂದು ಬ್ಲೂಟೂತ್ ಬಾರದಿದ್ದರೆ ಕಾರ್ಡನ್ನು ಶಂಕಿಸುವ ಮೊದಲು ಸ್ಲಾಟಿನತ್ತ ಯೋಚಿಸಬೇಕು, ಏಕೆಂದರೆ ಬ್ಲೂಟೂತ್ ಅದೇ ಸ್ಲಾಟಿನ ಯುಎಸ್‌ಬಿ ಗೆರೆಗಳ ಮೇಲೆ ನಡೆಯುತ್ತದೆ, ಕೆಲವು ಹಳೆಯ ಯಂತ್ರಗಳಲ್ಲಿ ಆ ಗೆರೆಗಳನ್ನು ಜೋಡಿಸಿಯೇ ಇರುವುದಿಲ್ಲ. ರೌಟರಿನ ಭದ್ರತೆಯನ್ನು ಹೊಸ ಭದ್ರತಾ ವಿಧಾನವಾದ ಡಬ್ಲ್ಯುಪಿಎ3ಕ್ಕೆ ಮಾತ್ರ ಸೀಮಿತಗೊಳಿಸಿದ್ದರೆ ಹಳೆಯ ಕಾರ್ಡು ಸೇರಿಕೊಳ್ಳದೆ ಹೋಗಬಹುದು, ಹಿಂದಿನ ವಿಧಾನವಾದ ಡಬ್ಲ್ಯುಪಿಎ2ನ್ನೂ ಜೊತೆಗಿಡಬೇಕು. ರೌಟರ್ ತಾನಾಗಿಯೇ 12 ಅಥವಾ 13ನೆಯ ಚಾನೆಲ್ ಹಿಡಿದಿದ್ದರೆ, ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಕಾರ್ಡಿಗೆ ಅದು ಕಾಣಿಸದಿರುವುದುಂಟು. ಎಲ್ಲಕ್ಕಿಂತ ಮೊದಲು, ಪೆನ್ ಡ್ರೈವಿನಿಂದ ಲಿನಕ್ಸ್ ಹಚ್ಚಿ ನೋಡುವುದು ಒಳ್ಳೆಯ ಪರೀಕ್ಷೆ: ಅಲ್ಲಿ ವೈಫೈ ನಡೆದರೆ ಕಾರ್ಡೂ ತಂತಿಗಳೂ ಸರಿಯಿವೆ, ದೋಷವಿರುವುದು ನಿಮ್ಮ ವಿಂಡೋಸ್‌ನಲ್ಲಿ. ಯಾವುದೂ ಕೈಗೂಡದಿದ್ದರೆ ಯುಎಸ್‌ಬಿ ಡಾಂಗಲ್ ಇದ್ದೇ ಇದೆ.

ಈ ಎಲ್ಲ ತೊಂದರೆಗಳಲ್ಲಿ ತಂತಿ, ಪಿನ್ನು, ಡ್ರೈವರುಗಳವು ಸಹಜವಾದವು; ತಾಳ್ಮೆಯಿದ್ದವರು ಬಿಡಿಸಿಕೊಳ್ಳಬಹುದು. ಬಯೋಸ್‌ನ ಪಟ್ಟಿ ಹಾಗಲ್ಲ, ಅದು ಬೇಕೆಂದೇ ಹಾಕಿದ ಬೀಗ. ಬಯೋಸ್‌ಅನ್ನೇ ತಿದ್ದಿ ಅದನ್ನು ಕಳಚುವವರಿದ್ದಾರೆ, ಆದರೆ ಕೈ ತಪ್ಪಿದರೆ ಮದರ್‌ಬೋರ್ಡೇ ಹೋಗುವ ಆ ದಾರಿಯನ್ನು ಸಾಮಾನ್ಯ ಬಳಕೆದಾರರಿಗೆ ನಾನು ಹೇಳಲಾರೆ. ನಾನು ಲ್ಯಾಪ್‌ಟಾಪ್ ಕೊಂಡ ದಿನ ಪೆಟ್ಟಿಗೆಯ ಮೇಲಾಗಲಿ, ಅಂಗಡಿಯವರ ಬಾಯಲ್ಲಾಗಲಿ ಇಂಥ ಬೀಗವಿದೆ ಎಂಬ ಮಾತು ಬರಲಿಲ್ಲ. ನಮ್ಮ ಸರ್ಕಾರ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿದ್ದುಂಟು. ಅವುಗಳ ಕಾರ್ಡು ಕೆಟ್ಟ ದಿನ ಆ ಮಕ್ಕಳು ಯಾರನ್ನು ಕೇಳಬೇಕು? ಹೊಸ ಯಂತ್ರಕ್ಕೆ ಮೂವತ್ತು ನಲವತ್ತು ಸಾವಿರ ಹೊಂದಿಸಲಾಗದ ಮನೆಯಲ್ಲಿ ಕೆಲವು ನೂರು ರೂಪಾಯಿಯ ಕಾರ್ಡೊಂದು ಓದಿಗೇ ಅಡ್ಡ ನಿಲ್ಲುವುದು ನನಗೆ ಸಹಿಸಲಾಗದ ಸಂಗತಿ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಬಗ್ಗೆ 2022ರ ಜುಲೈಯಲ್ಲಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೆಂದೇ ಪೋರ್ಟಲ್ ತೆರೆಯಿತು. ಉಪಕರಣಗಳನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಮತ್ತೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಬಿಚ್ಚುವ ಸುಲಭತೆ, ಬಿಡಿಭಾಗಗಳ ಲಭ್ಯತೆ ಮತ್ತು ಬೆಲೆ, ಬಿಚ್ಚಲು ಬೇಕಾಗುವ ಸಲಕರಣೆಗಳು, ದುರಸ್ತಿಯ ಮಾಹಿತಿ ಮೊದಲಾದವನ್ನು ಅಳೆಯುವ, ಸ್ಮಾರ್ಟ್‌ಫೋನು ಮತ್ತು ಟ್ಯಾಬ್ಲೆಟ್ಟುಗಳಿಂದ ಆರಂಭಿಸುವ ಯೋಜನೆ ಅದು. ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ನನ್ನ ಲ್ಯಾಪ್‌ಟಾಪನ್ನು ಈ ಅಳತೆಗೋಲಿನಿಂದ ಅಳೆದರೆ ಒಳ್ಳೆಯ ಅಂಕವೇ ಬರುತ್ತದೆ: ನಾಲ್ಕು ಸ್ಕ್ರೂ ಬಿಚ್ಚಿದರೆ ಕಾರ್ಡು ಕೈಗೆ ಸಿಗುತ್ತದೆ, ಸಾಮಾನ್ಯ ಸ್ಕ್ರೂಡ್ರೈವರ್ ಸಾಕು, ದುರಸ್ತಿ ಕೈಪಿಡಿಯೂ ಇದೆ. ಸರಿಯಾಗಿ ಕೂತ ಕಾರ್ಡನ್ನು ತಂತ್ರಾಂಶ ಹೊರಗಟ್ಟುವುದನ್ನು ಆ ಅಂಕ ತೋರಿಸುವುದಿಲ್ಲ.

ಆದ್ದರಿಂದ ಲ್ಯಾಪ್‌ಟಾಪುಗಳನ್ನೂ ಆ ಸೂಚ್ಯಂಕಕ್ಕೆ ಸೇರಿಸಿ, ಕಂಪನಿಗಳು ತುಂಬಬೇಕಾದ ನಮೂನೆಯಲ್ಲಿ ಎರಡು ಪ್ರಶ್ನೆಗಳನ್ನು ಇಡಬೇಕೆಂದು ಇಲಾಖೆಯನ್ನು ಕೋರುತ್ತೇನೆ: ಅನುಮೋದಿತ ಬಿಡಿಭಾಗವೊಂದನ್ನು ಈ ಯಂತ್ರದ ಬಯೋಸ್ ತಿರಸ್ಕರಿಸುತ್ತದೆಯೇ? ಹೌದಾದರೆ, ಅದು ಒಪ್ಪುವ ಭಾಗಗಳ ಪಟ್ಟಿಯನ್ನು ಎಲ್ಲಿ ಪ್ರಕಟಿಸಲಾಗಿದೆ? ಯಾವುದೇ ಮಾದರಿಯ ತಯಾರಿಕೆ ನಿಂತು ಬಿಡಿಭಾಗ ಪೂರೈಕೆಯೂ ಮುಗಿದ ಮೇಲೆ, ಈ ತಡೆಯನ್ನು ತೆಗೆದುಹಾಕುವ ಕೊನೆಯ ಬಯೋಸ್ ಅಪ್‌ಡೇಟ್ ಕೊಡುವುದನ್ನು ಕಂಪನಿಗಳಿಗೆ ಕಡ್ಡಾಯಗೊಳಿಸಬೇಕು. ಹಾಗೆ ಮಾಡಿದ್ದರೆ ನನ್ನ ಮೇಜಿನ ಸೆಳೆಖಾನೆಯಲ್ಲಿ ಬಿದ್ದಿರುವ 7260 ಕಾರ್ಡು ಇವತ್ತು ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಇರುತ್ತಿತ್ತು.

ಇಂತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಶಿವಮೊಗ್ಗ