ಎಚ್‌ಎಸ್‌ಎ ಕಾರ್ಡಿನಲ್ಲಿ ಕುರ್ಚಿ ಕೊಳ್ಳುವ ಮುನ್ನ: ನಮ್ಮ ಅಂಗಡಿಯಲ್ಲಿ ಒಂದು ಬದಲಾವಣೆ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನ್ಯೂಜೆರ್ಸಿಯ ನಮ್ಮ ಎಡಿಸನ್ ಅಂಗಡಿಯಲ್ಲಿ ಬೆನ್ನು ನೋವಿಗೆಂದು ಕುರ್ಚಿ, ಹಾಸಿಗೆ, ಮಸಾಜ್ ಗನ್‌ಗೆ ಎಚ್‌ಎಸ್‌ಎ ಅಥವಾ ಎಫ್‌ಎಸ್‌ಎ ಕಾರ್ಡ್ (ವೈದ್ಯಕೀಯ ಖರ್ಚಿಗೆಂದು ತೆರಿಗೆಯಿಲ್ಲದೆ ಹಣ ತೆಗೆದಿಡುವ ಖಾತೆಗಳ ಕಾರ್ಡ್; ಎಚ್‌ಎಸ್‌ಎ ನಿಮ್ಮದೇ ಖಾತೆ, ಎಫ್‌ಎಸ್‌ಎ ಕೆಲಸದ ಕಂಪನಿಯ ಮೂಲಕ ಸಿಗುವುದು) ಕೊಟ್ಟರೆ, ಮೊದಲು ನಿಮ್ಮ ಡಾಕ್ಟರ ಪತ್ರ ಕೇಳುತ್ತೇವೆ. ಪತ್ರ ಇಲ್ಲದಿದ್ದರೆ ಮಾಮೂಲಿ ಕಾರ್ಡಿನಲ್ಲೇ ಕೊಡಬೇಕಾಗುತ್ತದೆ. ಸೊಂಟದ ಬೆಲ್ಟ್, ಹೀಟಿಂಗ್ ಪ್ಯಾಡ್, ನೋವಿಗೆ ಸಣ್ಣ ಕರೆಂಟ್ ಕೊಡುವ ಟೆನ್ಸ್ ಮೆಷಿನ್‌ಗೆ ಪತ್ರ ಬೇಡ, ಮೊದಲಿನ ಹಾಗೇ.

ಇಷ್ಟು ದಿನ ನಾವು "ಕಾರ್ಡ್ ಹೋಯ್ತಲ್ಲ, ಚಿಂತೆ ಬಿಡಿ" ಅನ್ನುತ್ತಿದ್ದೆವು. ಅದು ತಪ್ಪು. ಮೆಷಿನ್ ಕಾರ್ಡ್ ಒಪ್ಪಿಕೊಂಡರೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಪ್ಪಿದ ಹಾಗಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ಹಳೆಯ ಗ್ರಾಹಕರೊಬ್ಬರು ಎಫ್‌ಎಸ್‌ಎ ಕಾರ್ಡಿನಲ್ಲಿ ಕುರ್ಚಿ ಒಯ್ದರು. ಡಿಸ್ಕ್ ಜಾರಿ, ಹತ್ತು ನಿಮಿಷ ಕೂರಲಾಗದ ಸ್ಥಿತಿ ಅವರದು. ಎರಡು ತಿಂಗಳಾದ ಮೇಲೆ ರಸೀದಿ ಹಿಡಿದು ಬಂದರು. ಅದರಲ್ಲಿ ನಾವು ಹಾಕಿದ್ದು "ಸಾಮಾನು 1" ಅಂತ ಅಷ್ಟೇ. ಡಾಕ್ಟರ ಪತ್ರದ ತಾರೀಖು ಕುರ್ಚಿ ಕೊಂಡ ಮೇಲಿನದು. ದುಡ್ಡು ವಾಪಸ್ ಕಟ್ಟಿ ಅಂತ ಎಫ್‌ಎಸ್‌ಎ ನೋಡಿಕೊಳ್ಳುವವರು ಅಂದರಂತೆ. ಅವರ ನೋವು ನಿಜ, ಕುರ್ಚಿ ಬೇಕಿದ್ದದ್ದೂ ನಿಜ. ಕಾಗದ ಮಾತ್ರ ಸರಿ ಇರಲಿಲ್ಲ, ಅದರಲ್ಲಿ ಅರ್ಧ ತಪ್ಪು ನಮ್ಮದು. ಇನ್ನು ಮುಂದೆ ಪ್ರತಿ ಸಾಮಾನಿನ ಹೆಸರು, ಬೆಲೆ, ತಾರೀಖು ರಸೀದಿಯಲ್ಲಿ ಬಿಡಿಯಾಗಿ ಇರುತ್ತದೆ.

ಇನ್ನೊಂದು ವಿಷಯ. ನಾಲ್ಕು ಪ್ರಶ್ನೆಗೆ ಟಿಕ್ ಹಾಕಿದರೆ ಪತ್ರ ಕಳಿಸುವ ಒಂದು ಲಿಂಕನ್ನು ನಾವೇ ಕೊಡುತ್ತಿದ್ದೆವು. ತೆಗೆದುಬಿಟ್ಟಿದ್ದೇವೆ. ಕೊಳ್ಳುವವರು ತಾವೇ ಹೇಳಿದ್ದನ್ನೇ ಸುಮ್ನೆ ಬರೆದುಕೊಟ್ಟ ಡಾಕ್ಟರ ಚೀಟಿಯಿಂದ ಮಾಮೂಲಿ ಖರ್ಚು ವೈದ್ಯಕೀಯ ಖರ್ಚಾಗುವುದಿಲ್ಲ ಎಂದು ಐಆರ್‌ಎಸ್ 2024ರ ಮಾರ್ಚ್‌ನಲ್ಲೇ ಎಚ್ಚರಿಸಿದೆ. ನಿಮ್ಮ ಬೆನ್ನು ನೋಡಿದ ಡಾಕ್ಟರೇ ಬರೆಯಲಿ. ಏನು ತೊಂದರೆ, ಯಾವ ಸಾಮಾನು, ಅದು ಯಾಕೆ ಬೇಕು, ಎಷ್ಟು ಕಾಲಕ್ಕೆ, ಇಷ್ಟಿದ್ದರೆ ಸಾಕು. ಕೊಳ್ಳುವ ಮೊದಲೇ ಬರೆಸಿ.

ಎಚ್‌ಎಸ್‌ಎ ಇರುವವರನ್ನು ಪತ್ರ ಎಲ್ಲಿ ಅಂತ ಯಾರೂ ಕೂಡಲೇ ಕೇಳುವುದಿಲ್ಲ. ಆದರೆ ಮುಂದೆ ಲೆಕ್ಕ ತಪ್ಪೆಂದು ಬಂದರೆ, 65 ತುಂಬದವರು ಆ ಹಣಕ್ಕೆ ಆದಾಯ ತೆರಿಗೆಯ ಜೊತೆ ಇನ್ನೂ 20% ದಂಡ ಕಟ್ಟಬೇಕು. ಹಾಗಾಗಿ ಆತುರ ಬೇಡ. ಎಚ್‌ಎಸ್‌ಎ ಹಣ ವರ್ಷದ ಕೊನೆಗೆ ಎಲ್ಲೂ ಹೋಗುವುದಿಲ್ಲ. ಪತ್ರ ಬರೆಸಿ, ಸ್ವಂತ ದುಡ್ಡಲ್ಲಿ ಕೊಂಡು, ಎಷ್ಟೋ ವರ್ಷದ ಮೇಲೂ ಖಾತೆಯಿಂದ ತೆಗೆದುಕೊಳ್ಳಬಹುದು. ಖಾತೆ ಮಾತ್ರ ಕೊಳ್ಳುವ ಮೊದಲೇ ತೆರೆದಿರಬೇಕು. ಎಫ್‌ಎಸ್‌ಎ ಹಾಗಲ್ಲ, ಉಳಿದದ್ದರಲ್ಲಿ ಬಹುಪಾಲು ಕೈತಪ್ಪಬಹುದು. ಕೊನೆಯ ದಿನ ಯಾವುದು ಅಂತ ನಿಮ್ಮ ಎಚ್‌ಆರ್ ಹತ್ತಿರ ಈಗಲೇ ಕೇಳಿಕೊಳ್ಳಿ.

ನಮ್ಮವರು ಜಾಸ್ತಿ ಎಡವುವುದು ಇಲ್ಲಿ: ಊರಿಂದ ಬಂದ ಅಪ್ಪ ಅಮ್ಮನಿಗೆ ಕೊಳ್ಳುವಾಗ. ಹದಿನೆಂಟು ತಾಸು ವಿಮಾನದಲ್ಲಿ ಕೂತು ಬಂದವರಿಗೆ ಸೊಂಟ ಹಿಡಿದಿರುತ್ತದೆ, ಬೆಲ್ಟ್ ಕೊಡಿಸೋಣ ಅನಿಸುತ್ತದೆ, ಅಲ್ವಾ? ಆದರೆ ಅವರು ವಿಸಿಟರ್ ವೀಸಾದಲ್ಲಿ ಬಂದಿದ್ದರೆ ಸಾಮಾನ್ಯವಾಗಿ ತೆರಿಗೆ ಲೆಕ್ಕದಲ್ಲಿ ನಿಮ್ಮ ಡಿಪೆಂಡೆಂಟ್ (ಅವಲಂಬಿತರು) ಅಲ್ಲ. ಅವರ ಬೆಲ್ಟ್‌ಗೂ ಈ ಕಾರ್ಡ್ ಬೇಡ. ಗ್ರೀನ್ ಕಾರ್ಡ್ ಇದ್ದು, ಅವರನ್ನು ನೀವೇ ಸಾಕುತ್ತಿದ್ದರೆ ಬೇರೆ ಮಾತು, ಒಮ್ಮೆ ನಿಮ್ಮ ತೆರಿಗೆ ಲೆಕ್ಕ ನೋಡುವ ಸಿಪಿಎಯನ್ನು ಕೇಳಿ.

ಹಳೆಯ ರಸೀದಿಯಲ್ಲಿ ಸಾಮಾನಿನ ಹೆಸರಿಲ್ಲದಿದ್ದರೆ ಅಂಗಡಿಗೆ ತನ್ನಿ, ವಿವರ ಹಾಕಿ ಹೊಸದಾಗಿ ತೆಗೆದುಕೊಡುತ್ತೇವೆ.

ಇಂತಿ,
ನಿಮ್ಮ ಅಂಗಡಿಯವರು