ರೂಮ್ ಬಿಡ್ತೀನಿ ಅಂತಿರೋ ಮಗಳಿಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಮಗಳೇ,

ನಿಮ್ಮಮ್ಮ ನಿನ್ನೆ ಫೋನ್ ಮಾಡಿದ್ಲು, ದಾವಣಗೆರೆಯಲ್ಲಿ ರೂಮ್ ಬದಲಾಯಿಸ್ತೀನಿ ಅಂತ ಹಠ ಹಿಡಿದಿದೀಯಂತೆ. ಎಕ್ಸಿಬಿಷನ್‌ಗೆ ನಿನ್ನ ರೂಮ್‌ಮೇಟ್ ಗೆಳತಿ ಬಿಡಿಸಿದ ಚಿತ್ರ ಸೆಲೆಕ್ಟ್ ಆಯ್ತು, ನಿಂದು ಆಗ್ಲಿಲ್ಲ, ಅದ್ರ ಮೇಲೆ ನಮ್ಮ ದುರ್ಗದ ಕೋಟೆ ಬಂಡೆಗಳ ನೆರಳಿಗೆ ನೀನು ಹಚ್ಚಿದ್ದ ನೇರಳೆ ಬಣ್ಣಾನೇ ಅವಳೂ ಹಚ್ಚಿದಾಳೆ ಅನ್ನೋ ಸಂಕಟ ಬೇರೆ. ಹೊಟ್ಟೆ ಉರಿಯುತ್ತೆ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಮಾತು ಬಿಡಬೇಡ.

ಬಣ್ಣ ಕದ್ದಳು ಅಂತೀಯಲ್ಲ, ಪಿಕಾಸೊ ಮತ್ತೆ ಬ್ರಾಕ್ ಅನ್ನೋ ಇಬ್ರು ಚಿತ್ರಕಾರರ ಕಥೆ ಕೇಳು. ಪ್ಯಾರಿಸ್‌ನಲ್ಲಿ 1914ರ ಯುದ್ಧ ಶುರುವಾಗೋವರೆಗೂ ಒಬ್ರ ಸ್ಟುಡಿಯೋಗೆ ಇನ್ನೊಬ್ರು ಹೋಗಿ, ಹೊತ್ತುಗಟ್ಟಲೆ ನೋಡಿ, ಮಾತಾಡಿ ಬರ್ತಿದ್ರು. 1911ರ ಆಸುಪಾಸಿನ ಅವರ ಕೆಲವು ಚಿತ್ರ ಪಕ್ಕಪಕ್ಕ ಇಟ್ರೆ ಯಾವುದು ಯಾರದ್ದು ಅಂತ ತಿಳಿದವರೂ ತಡವರಿಸ್ತಾರೆ, ಸಹೀನೂ ಎಷ್ಟೋ ಸಲ ಕ್ಯಾನ್ವಾಸ್ ಹಿಂದೆ ಹಾಕ್ತಿದ್ರು. 1912ರಲ್ಲಿ ಬ್ರಾಕ್ ಮರದ ಗೆರೆ ಇರೋ ವಾಲ್‌ಪೇಪರ್ ಕತ್ತರಿಸಿ ಚಿತ್ರಕ್ಕೆ ಅಂಟಿಸಿದ, ನೋಡಿದ್ದೇ ತಡ ಪಿಕಾಸೊನೂ ಕಾಗದ ಅಂಟಿಸೋಕೆ ಶುರು ಮಾಡಿದ. ಕಂಡಿದ್ದನ್ನ ಚೂರು ಚೂರು ಆಕಾರಗಳಾಗಿ ಒಡೆದು ಬಿಡಿಸೋ ಅವರ ಕ್ಯೂಬಿಸಂ ಶೈಲಿ ಬೆಳೆದಿದ್ದೇ ಹಾಗೆ.

ಇನ್ನು ಸಿಟ್ಟು. ಫ್ರಾನ್ಸಿನ ಚಿತ್ರಕಾರ ದೆಗಾ, ತನ್ನ ಹಾಗೇ ಚಿತ್ರಕಾರನಾಗಿದ್ದ ಗೆಳೆಯ ಮಾನೆ ಸೋಫಾ ಮೇಲೆ ಒರಗಿರೋದು, ಅವನ ಹೆಂಡ್ತಿ ಪಿಯಾನೋ ನುಡಿಸ್ತಿರೋದು, ಎರಡನ್ನೂ ಒಂದೇ ಚಿತ್ರದಲ್ಲಿ ಬಿಡಿಸಿ ಅವನಿಗೇ ಕೊಟ್ಟಿದ್ದ. ಮಾನೆಗೆ ಹೆಂಡ್ತಿ ಮುಖ ಹಿಡಿಸ್ಲಿಲ್ಲ, ಆ ಭಾಗಾನೇ ಕತ್ತರಿಸಿ ಹಾಕಿದ. ಯೋಚನೆ ಮಾಡು, ನಿನ್ನ ಚಿತ್ರಕ್ಕೆ ಯಾರಾದ್ರೂ ಬ್ಲೇಡ್ ಹಾಕಿದ್ರೆ ಹೆಂಗಿರುತ್ತೆ! ದೆಗಾ ತನ್ನ ಚಿತ್ರ ಎತ್ಕೊಂಡು ಹೋದ, ಮಾನೆ ಕೊಟ್ಟಿದ್ದ ಚಿತ್ರಾನೂ ವಾಪಸ್ ಕಳಿಸ್ಬಿಟ್ಟ. ಆದ್ರೂ ಕೊನೆಗೆ ರಾಜಿ ಆದ್ರು. 1883ರಲ್ಲಿ ಮಾನೆ ತೀರಿಕೊಂಡ, ಆಮೇಲೆ ಅವನ ದೊಡ್ಡದೊಂದು ಚಿತ್ರ, ಮೆಕ್ಸಿಕೋ ದೊರೆ ಮ್ಯಾಕ್ಸಿಮಿಲಿಯನ್‌ನ ಗುಂಡಿಟ್ಟು ಕೊಲ್ಲೋದು, ತುಂಡು ತುಂಡಾಗಿ ಮಾರಾಟ ಆಗಿತ್ತು, ಅದರ ತುಂಡುಗಳನ್ನ ಹುಡುಕಿ ಹುಡುಕಿ ಕೊಂಡು ಜೋಡಿಸಿಟ್ಟವನು ಇದೇ ದೆಗಾ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಲಿದೆ. ಈ ಸಂಗತಿ ನೆನೆದಾಗೆಲ್ಲ ನಂಗೆ ಕಣ್ಣು ತುಂಬುತ್ತೆ ಮಗಳೇ. ಅಷ್ಟು ಮುನಿಸಿದ್ರೂ ಅವನ ಕುಂಚದ ಬೆಲೆ ಇವನಿಗೆ ಗೊತ್ತಿತ್ತು.

ಹಂಗಂತ ಹೋಗಿ ಸುಳ್ಳೇ ಹೊಗಳಬೇಡ, ಅವಳಿಗೂ ಗೊತ್ತಾಗುತ್ತೆ. ಅವಳ ಚಿತ್ರದ ಮುಂದೆ ಕೂತು ನೋಡು, ನೇರಳೆ ಪಕ್ಕ ಏನು ಇಟ್ಟಿದಾಳೆ, ಎಲ್ಲಿ ಖಾಲಿ ಬಿಟ್ಟಿದಾಳೆ. ಚೆನ್ನಾಗಿರೋದನ್ನ ಚೆನ್ನಾಗಿದೆ ಅನ್ನು, ನೋವಾಗಿದ್ದನ್ನೂ ಅವಳಿಗೇ ಹೇಳು, ಕ್ಲಾಸಿನವರ ಹತ್ರ ಅಲ್ಲ. ಮಾತಿಸ್ ಅನ್ನೋ ಚಿತ್ರಕಾರನೂ ಪಿಕಾಸೊನೂ ಪೈಪೋಟಿ ಮಧ್ಯೆನೇ 1907ರಲ್ಲಿ ಚಿತ್ರ ಅದಲುಬದಲು ಮಾಡ್ಕೊಂಡಿದ್ರು, ಮಾತಿಸ್ ಬಿಡಿಸಿದ್ದ ತನ್ನ ಮಗಳು ಮಾರ್ಗರೀತ್‌ಳ ಚಿತ್ರಾನ ಪಿಕಾಸೊ ಸಾಯೋವರೆಗೂ ಇಟ್ಕೊಂಡಿದ್ದ. ನೀನೂ ನಿಂದೊಂದು ಕೊಟ್ಟು ಅವಳದ್ದೊಂದು ಇಸ್ಕೊ, ಫ್ರೇಮ್ ಖರ್ಚು ನಂದು.

ಭಾನುವಾರ ದುರ್ಗಕ್ಕೆ ಇಬ್ರೂ ಬನ್ನಿ, ಹೋಳಿಗೆ ಮಾಡಿರ್ತೀನಿ.

ನಿನ್ನ ದೊಡ್ಡಮ್ಮ