ಸೈಕಲ್ ರೇಸ್ ಭವಿಷ್ಯ: ಹೆಸರಿಗಿಂತ ಮೊದಲು ರಸ್ತೆ ನೋಡಿ

ಸಂಪಾದಕರಿಗೆ ನಮಸ್ಕಾರ,

ಇಟಲಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಒಂದೇ ದಿನದ ಮಿಲಾನ್–ಸಾನ್‌ರೆಮೊ ಸೈಕಲ್ ರೇಸ್‌ಗೆ ಒಂದೆರಡು ದಿನ ಇರುವಾಗ ನಿಮ್ಮ ಕ್ರೀಡಾಪುಟದ ಮೂಲೆಯಲ್ಲಿ ಒಂದು ಸಣ್ಣ ಬಾಕ್ಸ್ ಬರುತ್ತದೆ. ‘ಗೆಲ್ಲುವವರು ಯಾರು?’ ಅಂತ ತಲೆಬರಹ. ಕೆಳಗೆ ಐದು ಹೆಸರು, ಪ್ರತಿ ಹೆಸರಿನ ಎದುರು ಒಂದಷ್ಟು ನಕ್ಷತ್ರ. ಸೈಕಲ್ ರೇಸ್‌ಗೆ ಇಷ್ಟಾದರೂ ಜಾಗ ಕೊಡುತ್ತೀರಲ್ಲ, ಅದಕ್ಕೆ ಖುಷಿಯಿದೆ. ಆದರೆ ಆ ಐದು ಹೆಸರು ಯಾಕೆ, ನಕ್ಷತ್ರ ಯಾವ ಲೆಕ್ಕದ್ದು ಅಂತ ಒಂದು ಸಾಲೂ ಇರುವುದಿಲ್ಲ. ಅದು ಊಹೆ ಅನ್ನಿಸುವುದಿಲ್ಲ, ಗಿಣಿ ಎತ್ತಿಕೊಟ್ಟ ಚೀಟಿ ಅನ್ನಿಸುತ್ತದೆ.

ಭವಿಷ್ಯ ಹೇಳುವುದೇ ತಪ್ಪು ಅನ್ನುವವನು ನಾನಲ್ಲ. 2012ರಿಂದ ಪ್ರತಿ ವರ್ಷ ರೇಸ್‌ನ ಹಿಂದಿನ ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಗೆಲ್ಲುವವನ ಹೆಸರು ಬರೆದಿಡುತ್ತಿದ್ದೇನೆ. 2019ರಲ್ಲಿ ಅಲಾಫಿಲಿಪ್ ಅಂತ ಬರೆದೆ, ಗೆದ್ದ. ತಲೆ ತಿರುಗಿ 2020ರಲ್ಲೂ ಅವನನ್ನೇ ಬರೆದೆ. ರೇಸ್ ಮುಗಿಯುವ ವಿಯಾ ರೋಮಾ ರಸ್ತೆಯಲ್ಲಿ ವೌಟ್ ವಾನ್ ಆರ್ಟ್ ತುಸುವೇ ಅಂತರದಲ್ಲಿ ಅವನನ್ನು ಹಿಂದೆ ಹಾಕಿದ. ಆಮೇಲೆ ಸರಿಹೋದದ್ದು 2025ರಲ್ಲಿ, ವಾನ್ ಡರ್ ಪೂಲ್. ಅಷ್ಟೇ ನನ್ನ ಸಾಧನೆ! ಆದ್ದರಿಂದ ನಿಮ್ಮ ಬಾಕ್ಸ್ ತಪ್ಪಾಯಿತು ಅಂತ ಜಗಳಕ್ಕೆ ಬಂದಿಲ್ಲ. ಅದು ತಪ್ಪುವ ರೀತಿಯ ಬಗ್ಗೆ ನನ್ನ ತಕರಾರು.

ಒಂದು ಲೆಕ್ಕ ನೋಡಿ. 2011ರಿಂದ 2024ರವರೆಗೆ 14 ರೇಸ್ ನಡೆದವು, ಗೆದ್ದವರು 14 ಜನ ಬೇರೆ ಬೇರೆ. ಒಬ್ಬನೂ ಎರಡನೇ ಸಲ ಗೆಲ್ಲಲಿಲ್ಲ. 2025ರಲ್ಲಿ ವಾನ್ ಡರ್ ಪೂಲ್ ಎರಡನೇ ಸಲ ಗೆದ್ದಾಗಲೇ ಆ ಸಾಲು ಮುರಿದದ್ದು. ಹಿಂದೆ ಹೀಗಿರಲಿಲ್ಲ. ಎಡ್ಡಿ ಮರ್ಕ್ಸ್ ಏಳು ಸಲ ಗೆದ್ದ. ಎರಿಕ್ ಜಾಬೆಲ್ 1997ರಿಂದ 2001ರೊಳಗೆ ನಾಲ್ಕು ಸಲ. ಆಗ ನಿಮ್ಮ ಬಾಕ್ಸ್ ಇದ್ದಿದ್ದರೆ ಒಳ್ಳೆ ಹೆಸರು ಮಾಡುತ್ತಿತ್ತೇನೋ.

ಇಷ್ಟು ಕಷ್ಟ ಯಾಕೆ ಅಂದರೆ ಆ ರಸ್ತೆಯೇ ಹಾಗಿದೆ. ಸುಮಾರು 290 ಕಿ.ಮೀ. ದೂರ, ಆರು ಗಂಟೆಗೂ ಜಾಸ್ತಿ ಓಟ, ಸುಮಾರು 175 ಸವಾರರು. ಅದರಲ್ಲಿ ಮೊದಲ ಐದು ಗಂಟೆ ನೋಡುವುದಕ್ಕೆ ಏನೂ ಇರುವುದಿಲ್ಲ. ಮುಂದೆ ಓಡಿಹೋದ ಏಳೆಂಟು ಜನರನ್ನು ದೊಡ್ಡ ಗುಂಪು ಹಗ್ಗ ಬಿಟ್ಟಂತೆ ಬಿಟ್ಟಿರುತ್ತದೆ, ಬೇಕಾದಾಗ ಎಳೆದುಕೊಳ್ಳುತ್ತದೆ. ಕೊನೆಯ 30 ಕಿ.ಮೀ.ನಲ್ಲಿ ಚಿಪ್ರೆಸ್ಸಾ ಏರು, ಅದಾದ ಮೇಲೆ ಪೊಜ್ಜೊ ಏರು. ಪೊಜ್ಜೊ ಉದ್ದ 3.7 ಕಿ.ಮೀ., ಏರಿಕೆ ಸರಾಸರಿ 4 ಶೇಕಡಕ್ಕಿಂತ ಕಡಿಮೆ. ಏರು ಅನ್ನುವುದಕ್ಕೂ ಸಂಕೋಚ ಆಗುವಂಥದ್ದು. ಮುಂಚೂಣಿಯವರು ಆರು ನಿಮಿಷದೊಳಗೆ ಹತ್ತಿ ಮುಗಿಸುತ್ತಾರೆ.

ಕಷ್ಟ ಇರುವುದೇ ಈ ಸಣ್ಣ ಏರಿನಲ್ಲಿ. ಕಡಿದಾದ ಬೆಟ್ಟವಾದರೆ ಎಲ್ಲರೂ ನಿಧಾನ, ಅಲ್ಲಿ ಬಲಶಾಲಿ ಸುಲಭವಾಗಿ ಬಿಡಿಸಿಕೊಂಡು ಹೋಗುತ್ತಾನೆ. ಪೊಜ್ಜೊದಲ್ಲಿ ವೇಗ ಎಷ್ಟಿರುತ್ತದೆ ಅಂದರೆ ಏರಿನಲ್ಲೂ ಮುಂದಿನವನ ಬೆನ್ನ ಹಿಂದೆ ಗಾಳಿಯ ಮರೆ ಸಿಗುತ್ತದೆ. ಹಿಂದೆ ಕೂತವನಿಗೆ ಒಳ್ಳೆ ಶಕ್ತಿ ಉಳಿತಾಯ. ಅದಕ್ಕೇ ಜಗತ್ತಿನ ಅತ್ಯುತ್ತಮ ಏರುಗಾರನಿಗೂ ಇಲ್ಲಿ ಹಿಂದಿನವರನ್ನು ಉದುರಿಸುವುದು ಕಷ್ಟ. 2024ರಲ್ಲಿ ಅಂಥ ಏರುಗಾರ ಪೊಗಾಚಾರ್ ಪೊಜ್ಜೊದಲ್ಲಿ ಜೋರಾಗಿ ಎಳೆದ, ಅಂದರೆ ಮುಂದೆ ನಿಂತು ವೇಗ ಏರಿಸಿದ, ವಾನ್ ಡರ್ ಪೂಲ್ ಬಿಡದೆ ಬೆನ್ನಿಗೆ ಅಂಟಿಕೊಂಡ, ಇಳಿಜಾರಿನಲ್ಲಿ ಉಳಿದವರು ಬಂದು ಸೇರಿದರು. ಆಮೇಲೆ ಹಿಂದಿನ ವರ್ಷದ ವಿಜೇತನಾದ ವಾನ್ ಡರ್ ಪೂಲ್ ತನ್ನ ತಂಡದ ಫಿಲಿಪ್ಸನ್‌ಗಾಗಿ ಆಳಿನಂತೆ ದುಡಿದ. ಫಿಲಿಪ್ಸನ್ ಕೂದಲೆಳೆಯಲ್ಲಿ ಮೈಕೆಲ್ ಮ್ಯಾಥ್ಯೂಸ್‌ನನ್ನು ಹಿಂದೆ ಹಾಕಿ ಗೆದ್ದ. ವಾನ್ ಡರ್ ಪೂಲ್‌ಗೆ ಎಷ್ಟು ನಕ್ಷತ್ರ ಕೊಟ್ಟರೂ ಈ ಕಥೆ ಅದರಲ್ಲಿ ಕಾಣುವುದಿಲ್ಲ, ಅಲ್ವಾ? ಒಂದೇ ತಂಡದಲ್ಲಿ ಇಬ್ಬರು ಗೆಲ್ಲಬಲ್ಲವರು ಇದ್ದಾರೆ ಅಂತ ಒಂದು ಸಾಲು ಇದ್ದಿದ್ದರೆ ಕಾಣುತ್ತಿತ್ತು.

ಇನ್ನು 2022. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಮತೇಯ್ ಮೊಹೊರಿಚ್ ತನ್ನ ರೋಡ್ ಸೈಕಲ್‌ಗೆ ಮೌಂಟನ್ ಬೈಕ್‌ನ ಸೀಟು ಕಂಬ ಹಾಕಿಸಿಕೊಂಡು ಬಂದಿದ್ದ. ಓಡಿಸುತ್ತಿರುವಾಗಲೇ ಸೀಟು ಕೆಳಗಿಳಿಸಬಹುದಾದ ಕಂಬ ಅದು. ಸೀಟು ಇಳಿದರೆ ದೇಹದ ತೂಕವೂ ಕೆಳಗಿಳಿಯುತ್ತದೆ, ತಿರುವಿನಲ್ಲಿ ಧೈರ್ಯ ಬರುತ್ತದೆ. ಪೊಜ್ಜೊ ಇಳಿಜಾರಿನಲ್ಲಿ ಅವನು ಬಿದ್ದೇಬಿಟ್ಟ ಅಂದುಕೊಂಡೆ. ಚಕ್ರ ರಸ್ತೆಯ ಅಂಚಿಗೆ ಹೋಗಿ, ಹೇಗೋ ಸಾವರಿಸಿಕೊಂಡು ವಾಪಸ್ ಬಂತು. ಅಷ್ಟರಲ್ಲಿ ಹಿಂದಿನವರಿಗೆ ಸಿಗದಷ್ಟು ಅಂತರ ಆಗಿತ್ತು. ಗೆರೆ ದಾಟುವಾಗ ಅವನು ಬೆರಳು ತೋರಿಸಿದ್ದು ಆ ಸೀಟಿನ ಕಡೆಗೆ.

ಒಬ್ಬನೇ ಹೋಗಿ ಗೆದ್ದವರು ಇನ್ನೂ ಇದ್ದಾರೆ. 2018ರಲ್ಲಿ ನಿಬಾಲಿ. ಟೂರ್ ಡಿ ಫ್ರಾನ್ಸ್‌ನಂಥ ಮೂರು ವಾರಗಳ ರೇಸ್ ಗೆಲ್ಲುವವನು, ಕೊನೆಯ ಕೆಲವು ನೂರು ಮೀಟರ್ ವೇಗದಲ್ಲಿ ಗೆಲ್ಲುವ ಸ್ಪ್ರಿಂಟರ್‌ಗಳ ಎದುರು ಕೆಲವೇ ಮೀಟರ್ ಉಳಿಸಿಕೊಂಡು ಗೆದ್ದ. 2021ರಲ್ಲಿ ಸ್ಟೋಯ್ವನ್ ಪೊಜ್ಜೊ ಇಳಿದ ತಕ್ಷಣ ಚಿಮ್ಮಿದ. ಹಿಂದೆ ಉಳಿದ ಘಟಾನುಘಟಿಗಳು ‘ನೀನು ಎಳಿ, ನಾನ್ಯಾಕೆ ಎಳೀಲಿ’ ಅಂತ ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು. ಓಡಿದವನನ್ನು ಬೆನ್ನಟ್ಟಿದವನು ದಣಿಯುತ್ತಾನೆ, ಆ ಬೆನ್ನಟ್ಟಿದವನ ಹಿಂದೆ ಕೂತವನು ಗೆಲ್ಲುತ್ತಾನೆ, ಹಾಗಾಗಿ ಯಾರೂ ಮೊದಲು ಹೋಗಲ್ಲ. ತುಂಬ ಜನ ಬಲಶಾಲಿಗಳು ಒಟ್ಟಿಗೆ ಇದ್ದಷ್ಟೂ ಐದನೆಯವನಿಗೋ ಆರನೆಯವನಿಗೋ ದಾರಿ ಸುಗಮ. ನಿಮ್ಮ ನಕ್ಷತ್ರಗಳು ಇದನ್ನು ಉಲ್ಟಾ ಹೇಳುತ್ತವೆ.

ಪೀಟರ್ ಸಗಾನ್ ಈ ರೇಸ್‌ನಲ್ಲಿ ಎಷ್ಟೋ ವರ್ಷ ಎಲ್ಲರ ಪಟ್ಟಿಯಲ್ಲೂ ಇದ್ದ. ಕೊನೆಗೂ ಗೆಲ್ಲಲಿಲ್ಲ. 2017ರಲ್ಲಿ ಎಲ್ಲರಿಗಿಂತ ಜಾಸ್ತಿ ಎಳೆದವನು ಅವನೇ, ಗೆದ್ದವನು ಕ್ವಿಯಾಟ್ಕೋವ್‌ಸ್ಕಿ. ಗೆರೆಗೆ ಎರಡು ಮಾರು ಇರುವಾಗಲೂ ಭವಿಷ್ಯ ಕೈಕೊಡಬಹುದು. 2004ರಲ್ಲಿ ಜಾಬೆಲ್ ಗೆದ್ದೆ ಅಂದುಕೊಂಡು ಎರಡೂ ಕೈ ಮೇಲೆತ್ತಿದ. ಆಸ್ಕರ್ ಫ್ರೆಯ್ರೆ ಪಕ್ಕದಲ್ಲೇ ಸೈಕಲ್ ಮುಂದಕ್ಕೆ ತಳ್ಳಿ ಗೆದ್ದ. ನಾಲ್ಕು ಸಲ ಗೆದ್ದವನಿಗೇ ಹೀಗಾಯಿತು.

ಹಾಗಂತ ಸುಮ್ನೆ ಅದೃಷ್ಟ ಅಂತ ಕೈ ತೊಳೆದುಕೊಳ್ಳುವುದೂ ಬೇಡ. ಯಾರು ಗೆಲ್ಲುತ್ತಾನೆ ಅನ್ನುವುದಕ್ಕಿಂತ ರೇಸ್ ಹೇಗೆ ನಡೆಯುತ್ತದೆ ಅನ್ನುವುದನ್ನು ಊಹಿಸುವುದು ಸುಲಭ. ಕರಾವಳಿಯ ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ದಾಳಿ ಮಾಡುವವನಿಗೆ ಲಾಭ, ಎದುರಿನಿಂದ ಬೀಸುತ್ತಿದ್ದರೆ ಗುಂಪಿಗೆ ಲಾಭ. ಇದು ಹಿಂದಿನ ದಿನವೇ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಪೊಗಾಚಾರ್ ಇದ್ದರೆ ಅವನ ತಂಡ ಚಿಪ್ರೆಸ್ಸಾದಲ್ಲೇ ವೇಗ ಏರಿಸಲು ನೋಡುತ್ತದೆ ಅಂತಲೂ ಊಹಿಸಬಹುದು, ಯಾಕಂದರೆ ಪೊಜ್ಜೊ ಒಂದೇ ಅವನಿಗೆ ಸಾಲದು. 2025ರಲ್ಲಿ ಆದದ್ದು ಅದೇ. ಚಿಪ್ರೆಸ್ಸಾದಲ್ಲಿ ಅವನು ಹೊರಟಾಗ ಜೊತೆಗೆ ಉಳಿದವರು ವಾನ್ ಡರ್ ಪೂಲ್ ಮತ್ತು ಗಾನ್ನಾ ಮಾತ್ರ. ಕೊನೆಯ ಸ್ಪ್ರಿಂಟ್‌ನಲ್ಲಿ ಪೊಗಾಚಾರ್ ಮೂರನೆಯವನಾದ. ನಾನು ಆ ಸಲ ಹೆಸರು ಸರಿ ಬರೆದದ್ದು ಹೀಗೆ ಯೋಚನೆ ಮಾಡಿಯೇ. (2024ರಲ್ಲೂ ಹೀಗೇ ಯೋಚನೆ ಮಾಡಿ ತಪ್ಪು ಬರೆದಿದ್ದೆ, ಅದನ್ನೂ ಹೇಳಿಬಿಡುತ್ತೇನೆ.)

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಬಾಕ್ಸ್‌ನಲ್ಲಿ ಐದು ಹೆಸರಿನ ಬದಲು ಮೂರೇ ಹಾಕಿ. ಉಳಿದ ಜಾಗದಲ್ಲಿ ಗಾಳಿ ಎತ್ತ ಕಡೆಗಿದೆ, ಯಾವ ತಂಡ ಎಲ್ಲಿ ವೇಗ ಏರಿಸಬಹುದು, ಒಬ್ಬನೇ ಬಂದರೆ ಯಾರು, ಗುಂಪಾಗಿ ಬಂದರೆ ಯಾರು ಅಂತ ನಾಲ್ಕು ಸಾಲು ಬರೆಯಿರಿ. ರೇಸ್ ಮುಗಿದ ಮರುದಿನ ಅದೇ ಬಾಕ್ಸನ್ನು ಫಲಿತಾಂಶದ ಪಕ್ಕದಲ್ಲಿ ಇನ್ನೊಮ್ಮೆ ಮುದ್ರಿಸಿ. ತಪ್ಪಾಗಿದ್ದರೂ ಮುದ್ರಿಸಿ. ಜೊತೆಗೆ ಹಾಕಲು ನನ್ನ ನೋಟ್‌ಬುಕ್‌ನ ಪುಟ ಬೇಕಾದರೆ ಕಳಿಸಿಕೊಡುತ್ತೇನೆ.

ಇಂತಿ,
ನಿಮ್ಮ ಕ್ರೀಡಾಪುಟದ ಹಳೆಯ ಓದುಗ